ಫುಕೆಟ್ ಕಡಲತೀರದಲ್ಲಿ ಭೌತವಿಜ್ಞಾನ

ಅಂಡಮಾನ್ ಸಮುದ್ರದ ಮೂಡಣ ಅಂಚಿನಲ್ಲಿ, ಥಾಯ್ಲೆಂಡ್ ದೇಶಕ್ಕೆ ಸೇರಿದ ಫುಕೆಟ್ ಎಂಬ ದ್ವೀಪವಿದೆ. ಅದರ ಪಡುವಣ ತೀರದಲ್ಲಿ ಪಾಟಾಂಗ್, ಕಾರೊನ್, ಕಾಟಾ ಮೊದಲಾದ ಮರಳದಂಡೆಗಳು ಸಾಲಾಗಿ ಹರಡಿಕೊಂಡಿವೆ. ವಿಮಾನದಲ್ಲಿ ಕೆಲವೇ ಗಂಟೆಗಳ ದಾರಿಯಾದುದರಿಂದ ನಮ್ಮ ನಾಡಿನವರೂ ರಜಾಕಾಲದಲ್ಲಿ ಅಲ್ಲಿಗೆ ಹೋಗುವುದುಂಟು. ಎಲ್ಲಿ ಇಳಿದುಕೊಳ್ಳಬೇಕು, ಏನನ್ನು ಕೊಂಡುಕೊಳ್ಳಬೇಕು ಎಂದು ಹೇಳುವವರು ಅನೇಕರಿದ್ದಾರೆ. ಅಲ್ಲಿಯ ಬಿಸಿಲು ಮತ್ತು ನೀರಿನ ಸ್ವಭಾವವನ್ನು ತಿಳಿಸುವವರು ವಿರಳ. ಕಾಲೇಜಿನ ಪಠ್ಯಪುಸ್ತಕದಲ್ಲಿ ಓದಿದ ವಿಷಯಗಳೇ ಅಲ್ಲಿ ಪ್ರಾಣರಕ್ಷಣೆಗೆ ಬೇಕಾಗುವುದರಿಂದ ಅವುಗಳನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಬಿಸಿಲು. ಫುಕೆಟ್ ಇರುವುದು ಸುಮಾರು 8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಕಾಲಡಿಯಲ್ಲಿ ಅಡಗುವುದನ್ನು ಬಲ್ಲಿರಷ್ಟೆ. ಫುಕೆಟ್‌ನಲ್ಲಿ ಇದು ಏಪ್ರಿಲ್ 10ರ ಸುಮಾರಿಗೇ ಸಂಭವಿಸುತ್ತದೆ. ಸೆಪ್ಟೆಂಬರ್ ಆರಂಭದಲ್ಲಿ ಮತ್ತೊಮ್ಮೆ. ಡಿಸೆಂಬರಿನಲ್ಲಾದರೂ ಅಲ್ಲಿಯ ಸೂರ್ಯ ಮಧ್ಯಾಹ್ನ 58 ಡಿಗ್ರಿಗೂ ಮೇಲೇರುತ್ತಾನೆ. ಐದೂವರೆ ಅಡಿ ಎತ್ತರದ ಮನುಷ್ಯನ ನೆರಳು ಆಗ ಮೂರೂವರೆ ಅಡಿಯನ್ನೂ ಮುಟ್ಟದು. ಅದೇ ದಿನ ಲಂಡನ್ನಿನಲ್ಲಿ ಅವನ ನೆರಳು ಇಪ್ಪತ್ತು ಅಡಿ ಮೀರುತ್ತದೆ. ಸೂರ್ಯ ಮೇಲಿದ್ದಷ್ಟೂ ಕಿರಣಗಳು ವಾಯುಮಂಡಲದಲ್ಲಿ ಕ್ರಮಿಸಬೇಕಾದ ದೂರ ಕಡಿಮೆಯಾಗಿ, ಚರ್ಮವನ್ನು ಸುಡುವ ಅತಿನೇರಳೆ ಕಿರಣಗಳು ಹೆಚ್ಚಾಗಿ ಕೆಳಗಿಳಿಯುತ್ತವೆ. ಆದುದರಿಂದ ಗಡಿಯಾರಕ್ಕಿಂತ ನೆರಳನ್ನು ನಂಬುವುದು ಲೇಸು. ನೆರಳು ನಿಮಗಿಂತ ಗಿಡ್ಡವಾಗಿರುವಷ್ಟು ಹೊತ್ತು ಛಾವಣಿಯ ಕೆಳಗಿರಬೇಕು. ಥಾಯ್ಲೆಂಡಿನ ಗಡಿಯಾರ 105 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಫುಕೆಟ್ ಇರುವುದು 98 ಡಿಗ್ರಿಯ ಬಳಿ. ಹೀಗಾಗಿ ಅಲ್ಲಿ ನಿಜವಾದ ಮಧ್ಯಾಹ್ನವಾಗುವುದು ಹನ್ನೆರಡೂವರೆಯ ಸುಮಾರಿಗೆ.

ಮೈಗೆ ಸೆಕೆ ತಾಕದಿದ್ದರೆ ಚರ್ಮ ಸುಡುವುದಿಲ್ಲವೆಂಬುದು ತಪ್ಪು ತಿಳುವಳಿಕೆ. ನಮಗೆ ಬಿಸಿಯೆನಿಸುವುದು ಮುಖ್ಯವಾಗಿ ಅವಕೆಂಪು ಕಿರಣಗಳಿಂದ. ಮೋಡದ ಹನಿಗಳು ಅವನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಅತಿನೇರಳೆ ಕಿರಣಗಳಾದರೋ ತೆಳುಮೋಡವನ್ನು ಬಹುಮಟ್ಟಿಗೆ ದಾಟಿ ಬರುತ್ತವೆ. ಅರ್ಧ ಮೀಟರ್ ನೀರಿನ ಕೆಳಗೂ ಅವುಗಳ ತೀವ್ರತೆ ನೂರಕ್ಕೆ ನಲವತ್ತರಷ್ಟು ಉಳಿದಿರುತ್ತದೆ. ಇದನ್ನು ತರಗತಿಯಲ್ಲಿ ಪಾಠ ಹೇಳುವ ನಾನೇ ಕಾರೊನ್ ತೀರದಲ್ಲಿ ಮೋಡ ಕವಿದ ಒಂದು ದಿನ ಅಂಗಿಯಿಲ್ಲದೆ ಎರಡು ಗಂಟೆ ನೀರಿನಲ್ಲಿ ತೇಲಿ, ಮೂರು ರಾತ್ರಿ ಬೋರಲು ಮಲಗಬೇಕಾಯಿತು. ಕಪ್ಪು ಮೈಯವರಿಗೆ ಬಿಸಿಲು ಬಾಧಿಸದೆಂಬ ನನ್ನ ಸಿದ್ಧಾಂತ ಅಲ್ಲಿಗೆ ಕೊನೆಗೊಂಡಿತು. ದಟ್ಟ ನೆಯ್ಗೆಯ ತುಂಬುತೋಳಿನ ಅಂಗಿಯೇ ಉತ್ತಮ ರಕ್ಷೆ. ತೆಳುವಾದ ಬಿಳಿಯ ಹತ್ತಿಬಟ್ಟೆ ಒದ್ದೆಯಾದರೆ ಕಿರಣಗಳನ್ನು ಹೆಚ್ಚಾಗಿ ಒಳಬಿಡುತ್ತದೆ. ಲೇಪವನ್ನು ಹಚ್ಚುವವರು ಧಾರಾಳವಾಗಿ ಹಚ್ಚಿ, ಈಜಿದ ಮೇಲೆ ಪುನಃ ಹಚ್ಚಬೇಕು. ಆದರೆ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಮುಂತಾದ ಪದಾರ್ಥಗಳಿರುವ ಲೇಪಗಳು ಹವಳಕ್ಕೆ ಹಾನಿಕರವೆಂದು ಥಾಯ್ಲೆಂಡ್ 2021ರಲ್ಲಿ ತನ್ನ ಸಮುದ್ರ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷೇಧಿಸಿತು. ಡಬ್ಬಿಯ ಮೇಲಿನ ಬರಹವನ್ನು ಹೊರಡುವ ಮೊದಲೇ ಓದಿಕೊಳ್ಳಿರಿ.

ಸೆಕೆಯ ವಿಚಾರ ಬೇರೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 2,400 ಕಿಲೊಜೌಲ್ ಉಷ್ಣ ಹೊರಹೋಗುತ್ತದೆ. ಕಡಲ ಗಾಳಿಯಲ್ಲಿ ತೇವ ಹೆಚ್ಚು; ಬೆವರು ಆವಿಯಾಗದೆ ಹನಿಯಾಗಿ ಉದುರುತ್ತದೆ. ಉದುರಿದ ಬೆವರಿನಿಂದ ನೀರು ನಷ್ಟವೇ ಹೊರತು ತಂಪಿಲ್ಲ. ನೀರಡಿಕೆಗಾಗಿ ಕಾಯದೆ ಆಗಾಗ್ಗೆ ನೀರು ಕುಡಿಯಬೇಕು, ಗಾಳಿಯಾಡುವ ಕಡೆ ಕುಳಿತುಕೊಳ್ಳಬೇಕು.

ಇನ್ನು ನೀರು. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಫುಕೆಟ್‌ನ ಪಡುವಣ ದಂಡೆಗೂ ದೊಡ್ಡ ತೆರೆಗಳನ್ನು ತಳ್ಳುತ್ತದೆ. ತೆರೆಗಳು ದಡದ ಸಮೀಪದ ಮರಳದಿಬ್ಬಗಳ ಮೇಲೆ ಒಡೆದು ನೀರನ್ನು ಒಳಕ್ಕೆ ನೂಕುತ್ತವೆ. ದಡದ ಬಳಿ ನೀರಿನ ಮಟ್ಟ ತುಸು ಏರುತ್ತದೆ. ಹೀಗೆ ಕೂಡಿದ ನೀರು ಹಿಂದಿರುಗಲೇಬೇಕು. ದಿಬ್ಬಗಳ ನಡುವೆ ತಗ್ಗಾದ ಕಂಡಿಯೊಂದಿದ್ದರೆ ಅದೆಲ್ಲವೂ ಅಲ್ಲಿಂದಲೇ ಹೊರಹರಿಯುತ್ತದೆ. ಅಗಲವಾದ ಕಾಲುವೆಯ ನೀರು ಇಕ್ಕಟ್ಟಾದ ತೂಬಿನಲ್ಲಿ ವೇಗ ಪಡೆಯುವಂತೆ ಇಲ್ಲಿಯೂ ವೇಗ ಹೆಚ್ಚುತ್ತದೆ. ಇದೇ ಸೆಳವು. ಇದರ ವೇಗ ಒಮ್ಮೊಮ್ಮೆ ಸೆಕೆಂಡಿಗೆ 2 ಮೀಟರನ್ನು ಮೀರುವುದುಂಟು. ನೂರು ಮೀಟರ್ ದೂರವನ್ನು ವಿಶ್ವದ ಅತ್ಯುತ್ತಮ ಈಜುಗಾರರು ಕ್ರಮಿಸುವ ವೇಗವೇ ಹೆಚ್ಚುಕಡಿಮೆ ಅಷ್ಟು!

ಇದರಲ್ಲಿರುವ ಮೋಸವನ್ನು ಗಮನಿಸಬೇಕು. ಕಂಡಿಯಲ್ಲಿ ಆಳ ಹೆಚ್ಚಾದುದರಿಂದ ಅಲ್ಲಿ ತೆರೆಗಳು ಒಡೆಯುವುದು ಕಡಿಮೆ. ಎರಡೂ ಪಕ್ಕಗಳಲ್ಲಿ ಬೆಳ್ನೊರೆ ಕುದಿಯುತ್ತಿರುವಾಗ ನಡುವೆ ಶಾಂತವಾದ, ಬಣ್ಣ ಗಾಢವಾದ ಒಂದು ಪಟ್ಟಿ ಕಾಣುತ್ತದೆ. ಹೊಸಬರು ಅದನ್ನೇ ಸುರಕ್ಷಿತವೆಂದು ಆರಿಸಿಕೊಂಡು ಇಳಿಯುತ್ತಾರೆ. ಸೆಳವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ತೆರೆ ಒಡೆಯುವ ಸಾಲನ್ನು ದಾಟಿದ ಮೇಲೆ ಸಾಮಾನ್ಯವಾಗಿ ದುರ್ಬಲವಾಗುತ್ತದೆ. ಸಾಯುವವರು ಅನೇಕ ವೇಳೆ ದಡದತ್ತ ನೇರವಾಗಿ ಈಜಿ, ದಣಿದು ಮುಳುಗುತ್ತಾರೆ. ಸಿಕ್ಕಿಕೊಂಡವರು ಅಂಗಾತ ತೇಲುತ್ತ ಕೈಯೆತ್ತಿ ಸಹಾಯ ಕೋರಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬಂದು, ಅನಂತರ ದಡದತ್ತ ತಿರುಗಬೇಕು. ಸಿಕ್ಕಿಕೊಂಡ ಗೆಳೆಯನನ್ನು ತರಲು ಬರಿಗೈಯಲ್ಲಿ ಧುಮುಕುವುದು ಎರಡು ಸಾವಿಗೆ ದಾರಿ. ತೇಲುವ ವಸ್ತುವೊಂದನ್ನು ಎಸೆದು, ರಕ್ಷಕರನ್ನು ಕೂಗಬೇಕು. ಕೆಂಪು ಬಾವುಟವಿದ್ದರೆ ನೀರಿಗೆ ಇಳಿಯಲೇಬಾರದು. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ರಕ್ಷಕರ ಕಣ್ಗಾವಲಿನದು. ಇದು ಪರದೇಶಕ್ಕೆ ಮಾತ್ರ ಸಲ್ಲುವ ಮಾತಲ್ಲ. 2024ರ ಡಿಸೆಂಬರಿನಲ್ಲಿ ನಮ್ಮ ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು.

ಕೊನೆಯದಾಗಿ ಸುನಾಮಿ. 2004ರ ಡಿಸೆಂಬರ್ 26ರ ಬೆಳಿಗ್ಗೆ ಫುಕೆಟ್‌ನ ಮೈ ಖಾವ್ ತೀರದಲ್ಲಿದ್ದ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಬಾಲಕಿ, ಕಡಲು ನೊರೆಗಟ್ಟಿ ವಿಲಕ್ಷಣವಾಗಿ ವರ್ತಿಸುತ್ತಿದ್ದುದನ್ನು ಕಂಡಳು. ಎರಡು ವಾರಗಳ ಹಿಂದೆ ಶಾಲೆಯ ಭೂಗೋಳದ ಪಾಠದಲ್ಲಿ ಇದನ್ನು ಕಲಿತಿದ್ದ ಅವಳು ತಂದೆತಾಯಿಗಳನ್ನು ಎಚ್ಚರಿಸಿದಳು. ಸುಮಾರು ನೂರು ಮಂದಿ ದಂಡೆಯನ್ನು ತೆರವುಮಾಡಿ ಬದುಕಿಕೊಂಡರು. ಸುನಾಮಿಯ ವೇಗ ಗುರುತ್ವ ವೇಗೋತ್ಕರ್ಷ ಮತ್ತು ಆಳಗಳ ಗುಣಲಬ್ಧದ ವರ್ಗಮೂಲಕ್ಕೆ ಸಮ. 4,000 ಮೀಟರ್ ಆಳದಲ್ಲಿ ಅದು ಗಂಟೆಗೆ ಸುಮಾರು 710 ಕಿಲೊಮೀಟರ್. 40 ಮೀಟರ್ ಆಳಕ್ಕೆ ಬಂದಾಗ ಅದರ ಹತ್ತನೆಯ ಒಂದು ಪಾಲು, ಅಂದರೆ 71 ಕಿಲೊಮೀಟರ್. ಅದರೊಡನೆ ಓಟದ ಪಂದ್ಯ ಕಟ್ಟುವಂತಿಲ್ಲ. ನೆಲ ಬಹಳ ಹೊತ್ತು ಕಂಪಿಸಿದರೆ, ಇಲ್ಲವೆ ಕಡಲು ಹಠಾತ್ತನೆ ಹಿಂದೆ ಸರಿದರೆ, ಬರಿದಾದ ತಳದಲ್ಲಿ ಮೀನು, ಚಿಪ್ಪು ಆರಿಸಲು ಹೋಗದೆ ತಕ್ಷಣ ಎತ್ತರದ ನೆಲವನ್ನು ಏರಬೇಕು. ಒಂದು ತೆರೆ ಇಳಿದ ಕೂಡಲೆ ಕೆಳಗೆ ಬರಲೂ ಆಗದು. ಎರಡು ತೆರೆಗಳ ನಡುವೆ ಹತ್ತು ನಿಮಿಷಗಳಿಂದ ಒಂದು ಗಂಟೆಯವರೆಗೆ ಅಂತರವಿರಬಹುದು, ಮತ್ತು ಮೊದಲನೆಯದೇ ದೊಡ್ಡದೆಂಬ ನಿಯಮವೇನೂ ಇಲ್ಲ.