ಮೂರೋ ನಾಲ್ಕೋ: ಫಾರ್ವರ್ಡ್ ಆಟಗಾರನ ಜಾಗ ಯಾವುದು?

ಪ್ರಶ್ನೆ: ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ಎತ್ತರ 6 ಅಡಿ 2 ಇಂಚು. ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ನನಗಿಂತ ಎತ್ತರದವರಿಲ್ಲವೆಂದು ಸೆಂಟರ್ ಆಡಿಸುತ್ತಾರೆ. ರಿಬೌಂಡ್ ಸಿಗುತ್ತದೆ, ಡ್ರಿಬಲ್ ಮಾಡಿಕೊಂಡು ಮುಂದೆ ಹೋಗಬಲ್ಲೆ, ಪಾಸ್ ಚೆನ್ನಾಗಿದೆ ಎನ್ನುತ್ತಾರೆ. ತ್ರೀ ಪಾಯಿಂಟರ್ ಮಾತ್ರ ಅಷ್ಟಕ್ಕಷ್ಟೆ. ವಿಶ್ವವಿದ್ಯಾಲಯ ತಂಡದ ಆಯ್ಕೆಯಲ್ಲಿ ನನ್ನ ಪೊಸಿಷನ್ ಕೇಳಿದರೆ 3 (ಸ್ಮಾಲ್ ಫಾರ್ವರ್ಡ್) ಎನ್ನಲೇ, 4 (ಪವರ್ ಫಾರ್ವರ್ಡ್) ಎನ್ನಲೇ?
– ಕಾಲೇಜು ಆಟಗಾರ, ಮಂಡ್ಯ

ಉತ್ತರ: ಸದ್ಯಕ್ಕೆ 4 ಎನ್ನಿ. ಆದರೆ ಆಯ್ಕೆಗೆ ಹೋಗುವ ಮುಂಚೆ ಒಂದನ್ನು ಖಚಿತ ಮಾಡಿಕೊಳ್ಳಿ. ಚೆಂಡು ಕೈಗೆ ಬಂದಾಗ ಏನೇನು ಮಾಡಬಲ್ಲಿರಿ ಎಂದು ಬರೆದಿದ್ದೀರಿ, ಅದು ಎದುರಾಳಿಯ ಕೈಯಲ್ಲಿದ್ದಾಗ ಯಾರನ್ನು ತಡೆಯಬಲ್ಲಿರಿ ಎಂದು ಬರೆದಿಲ್ಲ. ಎಲ್ಲವನ್ನೂ ಆಡಬಲ್ಲ ಫಾರ್ವರ್ಡ್‌ನ ಜಾಗವನ್ನು ನಾನು ತೀರ್ಮಾನಿಸುವುದು ಇದರಿಂದಲೇ. ಅಟ್ಯಾಕ್‌ನಲ್ಲಿ ಕೋಚ್ ನಿಮ್ಮನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಡಿಫೆನ್ಸ್‌ನಲ್ಲಿ ಕಾಲು ಸಾಲದವನನ್ನು ಬಚ್ಚಿಡಲು ಜಾಗವಿಲ್ಲ.

ಪ್ರಾಕ್ಟೀಸ್ ಮ್ಯಾಚಿನ ಮೊದಲರ್ಧ ಎದುರು ತಂಡದ ಚುರುಕಾದ ಸ್ಮಾಲ್ ಫಾರ್ವರ್ಡ್‌ನನ್ನು ಕಾಯಿರಿ, ಉಳಿದರ್ಧ ಅವರ ಪವರ್ ಫಾರ್ವರ್ಡ್‌ನನ್ನು. ಗೆಳೆಯರೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಮೊದಲ ಡ್ರಿಬಲ್‌ಗೇ ಆತ ನಿಮ್ಮ ಭುಜ ದಾಟಿ ಹೋದನೇ? ಶಾಟ್ ಹಾರಿದ ಕೂಡಲೇ ಅವನಿಗೆ ಬೆನ್ನುಕೊಟ್ಟು ಬಾಕ್ಸ್ ಔಟ್ ಮಾಡಿದಿರೋ, ಚೆಂಡು ನೋಡುತ್ತ ನಿಂತುಬಿಟ್ಟಿರೋ? ಹೊರಗಡೆ ಪದೇ ಪದೇ ಸೋಲುತ್ತಿದ್ದರೆ 3ರ ಆಸೆ ಈ ವರ್ಷ ಬಿಡಿ.

ಎನ್‌ಬಿಎ ಆಟಗಾರ ಡ್ರೇಮಂಡ್ ಗ್ರೀನ್ ಮಿಷಿಗನ್ ಸ್ಟೇಟ್ ಕಾಲೇಜು ತಂಡದಲ್ಲಿ ಕೋಚ್ ಟಾಮ್ ಇಝೋ ಕೈಕೆಳಗೆ ಆಡುವಾಗ ಅವರ ಬಗ್ಗೆಯೂ ಇದೇ ಗೊಂದಲವಿತ್ತು. 3 ಆಡಲು ವೇಗ ಸಾಲದು, 4 ಆಡಲು ಎತ್ತರ ಸಾಲದು ಎನ್ನುವವರಿದ್ದರು. 2012ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಅವರ ಸರದಿ ಬಂದದ್ದು 35ನೆಯದಾಗಿ. 2015ರ ಎನ್‌ಬಿಎ ಫೈನಲ್ಸ್‌ನಲ್ಲಿ ಅವರ ತಂಡ ಗೋಲ್ಡನ್ ಸ್ಟೇಟ್ 1-2ರಿಂದ ಹಿಂದೆ ಬಿದ್ದಾಗ ಕೋಚ್ ಸ್ಟೀವ್ ಕರ್ ಏಳಡಿಯ ಆಂಡ್ರ್ಯೂ ಬೋಗಟ್‌ರನ್ನು ಬೆಂಚಿಗೆ ಕಳಿಸಿ, ಗ್ರೀನ್‌ರನ್ನೇ ಸೆಂಟರ್ ಮಾಡಿದರು. ಮುಂದಿನ ಮೂರೂ ಪಂದ್ಯ ಗೆದ್ದು ಕಿರೀಟ ಅವರದಾಯಿತು. ತಮಗಿಂತ ಎತ್ತರದವರನ್ನು ತಡೆಯಬಲ್ಲವರು ಎಂಬ ಒಂದೇ ನಂಬಿಕೆಯ ಮೇಲೆ ಅವರ ಉಳಿದೆಲ್ಲ ಆಟ ಅರಳಿತು.

ನಿಮ್ಮ ಪಾಸ್‌ಗೆ ಬೆಲೆ ಬರುವುದೂ 4ರಲ್ಲೇ. ಎದುರಾಳಿ 2-3 ಝೋನ್ ಕಟ್ಟಿದಾಗ ಫ್ರೀ ಥ್ರೋ ಗೆರೆಯ ನಡುವಿಗೆ ಬಂದು ಚೆಂಡು ಪಡೆಯಿರಿ, ತಕ್ಷಣ ಬಾಸ್ಕೆಟ್ ಕಡೆಗೆ ತಿರುಗಿ. ಅವರ ಸೆಂಟರ್ ಮೇಲೆ ಬಂದರೆ ಬೇಸ್‌ಲೈನ್‌ನಲ್ಲಿರುವ ನಿಮ್ಮವನಿಗೆ ಪಾಸ್. ಆತನನ್ನು ಮುಚ್ಚಲು ಪಕ್ಕದವನು ಒಳಗೆ ಸರಿದರೆ ಆ ಮೂಲೆಯೇ ಖಾಲಿ. ಯಾರೂ ಕದಲದಿದ್ದರೆ ನೀವೇ ಶಾಟ್ ಹೊಡೆಯಿರಿ. ಈ ಜಾಗದಲ್ಲಿ ನಿಂತು ಸರಿಯಾದ ಪಾಸ್ ಕೊಡುವ ಎತ್ತರದ ಹುಡುಗರು ಅಪರೂಪ.

ತ್ರೀ ಪಾಯಿಂಟರ್ ಅನ್ನು ಮೂಲೆಯಿಂದ ಶುರು ಮಾಡಿ. ಗೆರೆ ಅಲ್ಲಿ 6.60 ಮೀಟರ್, ಮಧ್ಯದಲ್ಲಿ 6.75. ಇನ್ನು, ಸೆಂಟರ್ ಆಡಿಸಿದರೆಂದು ಬೇಸರ ಬೇಡ. ಬೆನ್ನಿನಿಂದ ಮೈಭಾರ ತಡೆಯುವುದನ್ನು ಅಲ್ಲಿಯೇ ಕಲಿತಿರುತ್ತೀರಿ.

ಪ್ರಶ್ನೆ: ಮಗಳು ಪಿಯುಸಿ ಓದುತ್ತಿದ್ದಾಳೆ, ಇನ್ನೂ ಎತ್ತರ ಬೆಳೆಯುತ್ತಿದ್ದಾಳೆ. ಒಂದು ಪಂದ್ಯದಲ್ಲಿ ಗಾರ್ಡ್, ಇನ್ನೊಂದರಲ್ಲಿ ಫಾರ್ವರ್ಡ್ ಆಡಿಸುತ್ತಾರೆ. ಇದರಿಂದ ಅವಳ ಆಟ ಕೆಡುವುದಿಲ್ಲವೇ?
– ತಾಯಿ, ದಾವಣಗೆರೆ

ಉತ್ತರ: ಕೆಡುವುದಿಲ್ಲಮ್ಮ, ಆಡಲಿ ಬಿಡಿ. ಎನ್‌ಬಿಎ ಆಟಗಾರ ಆಂಥೊನಿ ಡೇವಿಸ್ ಹೈಸ್ಕೂಲಿನಲ್ಲಿ ಗಾರ್ಡ್ ಆಗಿದ್ದವರು, ಒಮ್ಮೆಲೇ ಎತ್ತರ ಬೆಳೆದು 2012ರಲ್ಲಿ ಕೆಂಟಕಿ ತಂಡದ ದೊಡ್ಡ ಆಳಾಗಿ ಕಾಲೇಜು ಚಾಂಪಿಯನ್‌ಷಿಪ್ ಗೆದ್ದರು. ಗಾರ್ಡ್ ಆಗಿ ಕಲಿತ ಡ್ರಿಬಲ್ ಅವರ ಕೈಬಿಡಲಿಲ್ಲ. ಮಗಳ ಎತ್ತರ ನಿಲ್ಲುವವರೆಗೆ ಪೊಸಿಷನ್ ಹೆಸರು ಹಿಡಿದು ಕೂರಬೇಡಿ; ಎಡಗೈ ಡ್ರಿಬಲ್ ಅಭ್ಯಾಸವನ್ನು ಮಾತ್ರ ದಿನವೂ ಮಾಡಿಸಿ.