ರಾತ್ರಿಯ ಕಾವಲಿಗೆ ತಕ್ಕ ಬ್ಯಾಟರಿ ದೀಪ

ರಾತ್ರಿಯಲ್ಲಿ ಪಂಪಿಗೆ ವಿದ್ಯುತ್ತು ಬಂದಾಗ ಬದುವಿನ ಮೇಲೆ ನಡೆದು ನೀರು ಹಾಯಿಸುವವರಿಗೂ, ಕಾಡುಹಂದಿಗಳಿಂದ ಪೈರನ್ನು ಕಾಯುವವರಿಗೂ ಒಳ್ಳೆಯ ಬ್ಯಾಟರಿ ದೀಪವು ಅತ್ಯಾವಶ್ಯಕವು. ಈಗ ದೊರೆಯುವ ಅಧಿಕಶಕ್ತಿಯ ದೀಪಗಳನ್ನು ಅಂಗಡಿಯ ಗೋಡೆಯ ಮೇಲೆ ಬೆಳಗಿಸಿದರೆ ಎಲ್ಲವೂ ಕಣ್ಣು ಕೋರೈಸುವುವು. ಆ ಮೊದಲ ನೋಟವನ್ನೇ ನಂಬಿ ಕೊಳ್ಳತಕ್ಕದ್ದಲ್ಲ.

ದೀಪದಿಂದ ಹೊರಡುವ ಒಟ್ಟು ಬೆಳಕಿನ ಅಳತೆಗೆ ಲ್ಯೂಮೆನ್ ಎಂದೂ, ಒಂದು ದಿಕ್ಕಿಗೆ ಹರಿಯುವ ಬೆಳಕಿನ ತೀಕ್ಷ್ಣತೆಯ ಅಳತೆಗೆ ಕ್ಯಾಂಡೆಲಾ ಎಂದೂ ಹೆಸರು. ಲ್ಯೂಮೆನ್ ಸಮನಾಗಿದ್ದರೂ, ಬೆಳಕು ಹರಡಿದರೆ ಸಮೀಪದ ನೆಲವೆಲ್ಲ ಕಾಣುವುದು. ಒಂದೆಡೆ ಕೂಡಿದರೆ ದೂರದ ವಸ್ತು ಕಾಣುವುದು. ೨,೫೦೦ ಕ್ಯಾಂಡೆಲಾದ ದೀಪವು ೧೦೦ ಮೀಟರು ದೂರದಲ್ಲಿ ಸುಮಾರು ಹುಣ್ಣಿಮೆಯ ಬೆಳದಿಂಗಳಷ್ಟು ಬೆಳಕನ್ನು ಕೊಡುವುದು. ೨೦೦ ಮೀಟರಿಗೆ ಅಷ್ಟೇ ಬೆಳಕು ಬೀಳಬೇಕಾದರೆ ೧೦,೦೦೦ ಕ್ಯಾಂಡೆಲಾ ಬೇಕು. ದೂರವು ಇಮ್ಮಡಿಯಾದರೆ ತೀಕ್ಷ್ಣತೆಯು ನಾಲ್ಮಡಿಯಾಗಬೇಕೆಂಬುದೇ ನಿಯಮವು.

ಕೊಳಕುಮಂಡಲ, ಕಟ್ಟುಹಾವುಗಳು ರಾತ್ರಿಯಲ್ಲಿ ಸಂಚರಿಸತಕ್ಕವು. ಆದುದರಿಂದ ಬದುವಿನ ನಡಿಗೆಗೆ ಹರಡಿದ ಬೆಳಕಿನ ದೀಪವನ್ನೂ, ಅಟ್ಟಣೆಯ ಮೇಲಿನ ಕಾವಲಿಗೆ ಕೂಡಿದ ಬೆಳಕಿನ ದೀಪವನ್ನೂ ಆರಿಸಬೇಕು.

ಪೂರ್ಣಶಕ್ತಿಯಲ್ಲಿ ಉರಿಸಿದರೆ ಅನೇಕ ದೀಪಗಳು ಬಿಸಿಯೇರಿ, ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ಮಂಕಾಗುವುವು. ಮಧ್ಯಮ ಬೆಳಕಿನಲ್ಲಿ ಎಷ್ಟು ಗಂಟೆ ಉರಿಯುವುದೆಂಬುದನ್ನು ವಿಚಾರಿಸಿಕೊಳ್ಳಬೇಕು. ಲಿಥಿಯಂ ಸೆಲ್ಲನ್ನು ಹೊರತೆಗೆದು ಬದಲಾಯಿಸುವಂತಿದ್ದರೆ ಉತ್ತಮ. ಉಬ್ಬಿದ ಅಥವಾ ಜಜ್ಜಿದ ಸೆಲ್ಲನ್ನು ಚಾರ್ಜು ಮಾಡಿದರೆ ಬೆಂಕಿ ಹೊತ್ತುವ ಅಪಾಯವುಂಟು.

ದೀಪವನ್ನು ಕೊಳ್ಳುವವರು ಜಮೀನುದಾರರು; ಕತ್ತಲೆಯಲ್ಲಿ ಕಾಲಿಡುವವರು ನೀರುಗಂಟಿಗಳೂ ಕಾವಲುಗಾರರೂ. ಆದಕಾರಣ ಗ್ರಾಮದ ಮುಖಂಡರು ಅವರ ಕೈಯಲ್ಲಿಯೇ ದೀಪವನ್ನು ಕೊಟ್ಟು, ಕತ್ತಲೆಯ ಹೊಲದಲ್ಲಿ ಪರೀಕ್ಷಿಸಿದ ಮೇಲೆಯೇ ಕೊಳ್ಳುವ ಏರ್ಪಾಡು ಮಾಡುವುದು ಶ್ರೇಯಸ್ಕರವು.