ಸಹಸ್ರತಾಲದ ಹಾದಿಯಲ್ಲಿ

ಸಿಂಧನೂರು ತಾಲ್ಲೂಕಿನ ಮುಕ್ಕುಂದದಂತಹ ಊರುಗಳಲ್ಲಿ ಜೂನ್ ತಿಂಗಳ ಮೊದಲ ವಾರವೆಂದರೆ ಮುಂಗಾರನ್ನು ಎದುರುನೋಡುವ ಕಾಲ. ನೆಲದ ಕಾವು ಇನ್ನೂ ಆರಿರುವುದಿಲ್ಲ; ಮೋಡದ ನೆರಳೊಂದು ಹಾದುಹೋದರೂ ಮೈಗೆ ಹಿತವೆನಿಸುತ್ತದೆ. ಅದೇ ವಾರದಲ್ಲಿ, ಅದೇ ಮೋಡ ಗಾಳಿಗಳು ಮನುಷ್ಯನ ಪ್ರಾಣಕ್ಕೆ ಮುಳುವಾಗಬಲ್ಲವೆಂಬುದು ಬಯಲುಸೀಮೆಯವರ ಊಹೆಗೆ ಸುಲಭವಾಗಿ ನಿಲುಕದು. 2024ರಲ್ಲಿ ಕನ್ನಡನಾಡು ಅದನ್ನು ದುಃಖದಿಂದ ಅರಿಯಬೇಕಾಯಿತು.

ಉತ್ತರಾಖಂಡದ ಉತ್ತರಕಾಶಿ, ಟಿಹರಿ ಜಿಲ್ಲೆಗಳ ಗಡಿಭಾಗದಲ್ಲಿ, ಸಮುದ್ರಮಟ್ಟದಿಂದ 4,000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಸಹಸ್ರತಾಲವೆಂಬ ಸರೋವರಗಳ ತಾಣವಿದೆ. ತಾಲವೆಂದರೆ ಅಲ್ಲಿನ ಮಾತಿನಲ್ಲಿ ಕೊಳ. ಆ ವರ್ಷದ ಮೇ ಕೊನೆಯಲ್ಲಿ ಸ್ಥಳೀಯ ಮಾರ್ಗದರ್ಶಿಗಳೂ ಸೇರಿದಂತೆ 22 ಮಂದಿಯ ತಂಡವೊಂದು ಅತ್ತ ಚಾರಣ ಹೊರಟಿತು. ಅವರಲ್ಲಿ ಬಹುಪಾಲು ಜನ ಕರ್ನಾಟಕದವರು. ಬೆಟ್ಟ ಹತ್ತಿ ಪಳಗಿದವರು ಹಲವರಿದ್ದರು. ಎಪ್ಪತ್ತು ವರ್ಷ ದಾಟಿದವರೂ ಇದ್ದರು. ಸರೋವರವನ್ನು ಕಂಡು ಶಿಬಿರಕ್ಕೆ ಹಿಂದಿರುಗುತ್ತಿದ್ದಾಗ ಹವೆ ಕೆಟ್ಟಿತು. ಹಿಮ ಸುರಿಯಿತು, ಬಿರುಗಾಳಿ ಎದ್ದಿತು, ಮುಂದಿನ ದಾರಿ ಕಾಣದಾಯಿತು.

ಇಂತಹ ಸಂದರ್ಭದಲ್ಲಿ ಹಿಮಕ್ಕಿಂತ ಹೆಚ್ಚು ಅಂಜಬೇಕಾದುದು ಗಾಳಿಗೆ ಮತ್ತು ತೇವಕ್ಕೆ. ಒಣ ಉಡುಪು ಮೈಯ ಸುತ್ತ ಬೆಚ್ಚನೆಯ ಗಾಳಿಯ ಪದರವೊಂದನ್ನು ಹಿಡಿದಿಟ್ಟುಕೊಂಡಿರುತ್ತದೆ. ಬಟ್ಟೆ ನೆನೆದರೆ ಆ ಪದರ ಅಳಿಯುತ್ತದೆ. ಬೀಸುವ ಗಾಳಿ ಉಳಿದ ಶಾಖವನ್ನೂ ಸೆಳೆದೊಯ್ಯುತ್ತದೆ. ಆರೋಗ್ಯವಂತನ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು ಇಳಿಯತೊಡಗಿದಾಗ ಮೈ ನಡುಗಿ ತನಗೆ ತಾನೇ ಶಾಖ ಉಂಟುಮಾಡಿಕೊಳ್ಳಲು ಹೆಣಗುತ್ತದೆ. 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ ಆರಂಭವಾಯಿತೆಂದೇ ಅರ್ಥ. ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಮತ್ತಷ್ಟು ಇಳಿದಾಗ ನಡುಕವೂ ನಿಲ್ಲುತ್ತದೆ. ನಡುಕ ನಿಂತಿತೆಂದು ಜೊತೆಗಾರರು ಸಮಾಧಾನಪಟ್ಟರೆ ಅದು ದೊಡ್ಡ ತಪ್ಪು. ಇದರ ಕ್ರೌರ್ಯವಿರುವುದು ಇನ್ನೊಂದು ಸಂಗತಿಯಲ್ಲಿ: ಚಳಿ ಮೊದಲು ಮಂಕಾಗಿಸುವುದು ವಿವೇಕವನ್ನು. ತನಗೇನಾಗುತ್ತಿದೆಯೆಂಬುದು ಅದಕ್ಕೆ ಗುರಿಯಾದವನಿಗೇ ತಿಳಿಯದು. ಸ್ವಲ್ಪ ಕುಳಿತು ಬರುತ್ತೇನೆ, ನೀವು ಮುಂದೆ ನಡೆಯಿರಿ ಎನ್ನುವವನನ್ನು ಗಮನಿಸಬೇಕಾದವರು ಪಕ್ಕದಲ್ಲಿ ನಡೆಯುವವರು. ಆದರೆ ಬಿರುಗಾಳಿಯಲ್ಲಿ ಅವರ ಅವಸ್ಥೆಯೂ ಅದೇ ಆಗಿರುತ್ತದೆ. ಪಳಗಿದವರೂ ಸೋಲುವುದು ಇಲ್ಲಿಯೇ.

ಜೂನ್ 5ರಂದು ವಾಯುಪಡೆಯ ಹೆಲಿಕಾಪ್ಟರುಗಳೂ ರಾಜ್ಯ ವಿಪತ್ತು ಸ್ಪಂದನಾ ಪಡೆಯವರೂ ಶೋಧಕ್ಕೆ ತೊಡಗಿದರು. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಧಾವಿಸಿದರು. 13 ಮಂದಿ ಬದುಕಿ ಬಂದರು. 9 ಮಂದಿ ಮರಳಲಿಲ್ಲ. ಉತ್ತರಾಖಂಡ ಸರ್ಕಾರವು ತನಿಖೆಗೆ ಆದೇಶ ನೀಡಿತು. ಮೃತರ ದೇಹಗಳು ಬೆಂಗಳೂರನ್ನು ತಲಪುವ ವೇಳೆಗೆ ನಾಡಿನಲ್ಲಿ ಮುಂಗಾರು ಮಳೆ ಆರಂಭವಾಗಿತ್ತು.